ಕಾನ್ಫೆಡರೇಟ್ ಸಿಪಾಯಿಯ ಜಾಡು: ಸೇವಾ ಕಡತ ಮೊದಲೋ, ಪಿಂಚಣಿ ಅರ್ಜಿ ಮೊದಲೋ?

ನನ್ನ ಗಂಡನ ಮನೆಯವರು ಪೂರ್ವ ಟೆನ್ನೆಸ್ಸಿಯ ಗುಡ್ಡಗಾಡಿನವರು. ಅತ್ತೆಯ ಮುತ್ತಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ, ಅಂದರೆ ಕಾನ್ಫೆಡರೇಟ್ ರಾಜ್ಯಗಳ ಪರ ಬಂದೂಕು ಹಿಡಿದಿದ್ದರು, ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದ ದಿನ ಅಲ್ಲೇ ನಿಂತಿದ್ದರು ಎಂಬ ಮಾತು ಆ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿತ್ತು. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದರು. ನನ್ನ ಕಡೆಯದು ಹಾಸನ ಜಿಲ್ಲೆಯ ಒಂದು ಊರು, ಮನೆದೇವರು, ನಾಲ್ಕು ತಲೆಮಾರಿನ ಹೆಸರು, ಅಲ್ಲಿಗೆ ಮುಗಿಯಿತು. ಅವಳ ಅಪ್ಪನ ಕಡೆಯದಕ್ಕೆ ಮಾತ್ರ ಕಾಗದಪತ್ರ ಸಿಗುತ್ತದೆ ಎಂದು ಗೊತ್ತಾದ ಮೇಲೆ ನಾನು ಬಿಡಲಿಲ್ಲ.

ಮೊದಲ ಮೂರು ತಿಂಗಳು ವ್ಯರ್ಥವಾದವು. ಅವರು ಟೆನ್ನೆಸ್ಸಿಯಲ್ಲಿ ಬಾಳಿ ಸತ್ತವರು, ಹಾಗಾದರೆ ಟೆನ್ನೆಸ್ಸಿಯ ರೆಜಿಮೆಂಟಿನಲ್ಲೇ ಇದ್ದಿರಬೇಕು ಎಂದುಕೊಂಡು ಟೆನ್ನೆಸ್ಸಿಯ ಸೇವಾ ಕಡತಗಳನ್ನು, ಅಂದರೆ ಸಿಪಾಯಿಗಳ ಹಾಜರಿಯ ದಾಖಲೆಗಳನ್ನು, ತಿರುವಿ ಹಾಕಿದೆ. ಅದೇ ಹೆಸರಿನವರು ಹನ್ನೊಂದು ಜನ ಸಿಕ್ಕರು. ಪೂರ್ವ ಟೆನ್ನೆಸ್ಸಿಯಲ್ಲಿ ಉತ್ತರದ ಪರ ಇದ್ದವರೂ ಬಹಳ, ಆದ್ದರಿಂದ ಅದೇ ಹೆಸರು ಯೂನಿಯನ್ ಸೈನ್ಯದಲ್ಲೂ ಇತ್ತು. ಯಾರು ನಮ್ಮವರು ಎಂದು ಹೇಳುವ ಒಂದು ಅಕ್ಷರವೂ ಆ ಕಡತಗಳಲ್ಲಿ ಇರಲಿಲ್ಲ.

ಅಟ್ಲಾಂಟಾ, ಶಾರ್ಲಟ್, ರಾಲಿ, ನ್ಯಾಶ್‌ವಿಲ್, ಡಲ್ಲಾಸ್ ಕಡೆ ನೆಲೆಸಿದ ಕನ್ನಡಿಗರ ಮನೆಗಳಿಗೆ ಅಲ್ಲಿನವರೇ ಸೊಸೆಯಾಗಿ, ಅಳಿಯನಾಗಿ ಬರುತ್ತಿರುವ ಕಾಲ ಇದು. ಇಂಥ ಹುಡುಕಾಟಕ್ಕೆ ಕೈ ಹಾಕುವವರು ಇನ್ನೂ ಇರುತ್ತಾರೆ. ಅವರು ಆ ಮೂರು ತಿಂಗಳನ್ನು ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮವರು, ಇಲ್ಲವೇ ಅವರ ಹೆಂಡತಿ, 1890ರ ದಶಕದವರೆಗೆ ದಕ್ಷಿಣದಲ್ಲಿ ಬದುಕಿದ್ದರೆ ಪಿಂಚಣಿ ಅರ್ಜಿಯಿಂದ ಶುರು ಮಾಡಿ. ಯುದ್ಧದಲ್ಲೇ ತೀರಿಕೊಂಡಿದ್ದರೆ ಸೇವಾ ಕಡತದಿಂದ.

ಒಬ್ಬ ಸಿಪಾಯಿ, ಎರಡು ಕಚೇರಿ

1861ರಿಂದ 1865ರವರೆಗೆ ನಡೆದ ಯುದ್ಧದಲ್ಲಿ ಗೆದ್ದದ್ದು ಉತ್ತರ. ಕೇಂದ್ರ ಸರ್ಕಾರದ ಪಿಂಚಣಿ ಸಿಕ್ಕಿದ್ದೂ ಯೂನಿಯನ್ ಸೈನ್ಯದವರಿಗೆ. ಸೋತವರಿಗೆ ವಾಷಿಂಗ್ಟನ್ ಏನೂ ಕೊಡಲಿಲ್ಲ. 1958ರಲ್ಲಿ ಅವರಿಗೂ ಅವರ ವಿಧವೆಯರಿಗೂ ಕೇಂದ್ರದ ಪಿಂಚಣಿ ಕೊಡುವ ಕಾನೂನು ಬಂತು ನಿಜ, ಆದರೆ ಆ ಹೊತ್ತಿಗೆ ಸಿಪಾಯಿಗಳು ಹೆಚ್ಚುಕಡಿಮೆ ಎಲ್ಲರೂ ಮಣ್ಣಾಗಿದ್ದರು. ಆದ್ದರಿಂದ ಕಾನ್ಫೆಡರೇಟ್ ಪಿಂಚಣಿ ಎಂದರೆ ದಕ್ಷಿಣದ ರಾಜ್ಯಗಳು ತಮ್ಮ ತಮ್ಮ ಬೊಕ್ಕಸದಿಂದ ಕೊಟ್ಟದ್ದು. ಆ ಅರ್ಜಿಗಳು ಈಗಲೂ ಆಯಾ ರಾಜ್ಯದ ಪತ್ರಾಗಾರದಲ್ಲೇ ಇವೆ.

ಸೇವಾ ಕಡತಗಳು ಇರುವುದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ. ಸೋತವರ ದಾಖಲೆ ಗೆದ್ದವರ ಮನೆಗೆ ಹೇಗೆ ಬಂತು ಎಂಬುದಕ್ಕೆ ಒಂದು ಕಥೆಯಿದೆ. 1865ರ ಏಪ್ರಿಲ್‌ನಲ್ಲಿ ತನ್ನ ರಾಜಧಾನಿ ರಿಚ್ಮಂಡ್ ಕೈಬಿಡುವಾಗ ಕಾನ್ಫೆಡರೇಟ್ ಸರ್ಕಾರ ಸೈನ್ಯದ ದಫ್ತರಗಳನ್ನು ರೈಲಿನಲ್ಲಿ ಸಾಗಿಸಿತು. ನಾರ್ತ್ ಕೆರೊಲಿನಾದ ಶಾರ್ಲಟ್‌ನಲ್ಲಿ ಅವು ಯೂನಿಯನ್ ಸೈನ್ಯದ ವಶವಾದವು. 1878ರಲ್ಲಿ ಯುದ್ಧ ಇಲಾಖೆ ಮಾರ್ಕಸ್ ರೈಟ್ ಎಂಬ ಮಾಜಿ ಕಾನ್ಫೆಡರೇಟ್ ಜನರಲ್ಲನ್ನೇ ನೇಮಿಸಿ, ದಕ್ಷಿಣದ ಮನೆಮನೆಗಳಲ್ಲಿ ಉಳಿದಿದ್ದ ಕಾಗದಗಳನ್ನೂ ಕೂಡಿಸಿತು. 1903ರಿಂದ 1927ರವರೆಗೆ ಗುಮಾಸ್ತರು ಆ ಹಾಜರಿ ಪಟ್ಟಿಗಳನ್ನು ಮುಂದಿಟ್ಟುಕೊಂಡು ಒಬ್ಬೊಬ್ಬ ಸಿಪಾಯಿಯ ಹೆಸರಿಗೂ ಚಿಕ್ಕ ಕಾರ್ಡುಗಳನ್ನು ಬರೆದು, ಲಕೋಟೆಗಳಲ್ಲಿ ಜೋಡಿಸಿದರು. ನಾವು ಇಂದು ನೋಡುವ ಸೇವಾ ಕಡತ ಅದೇ ಲಕೋಟೆ. ಅಂದರೆ ಮೂಲ ದಾಖಲೆಯನ್ನು ನೋಡಿ ನಲವತ್ತರಿಂದ ಅರವತ್ತು ವರ್ಷದ ಮೇಲೆ ಇನ್ನೊಬ್ಬರು ಎತ್ತಿ ಬರೆದ ನಕಲು. ಕೈಬರಹ ಓದುವಾಗ ಅವರೂ ತಪ್ಪಿದ್ದಾರೆ ಎಂಬುದು ನೆನಪಿರಲಿ.

ಸೇವಾ ಕಡತ ಏನು ಹೇಳುತ್ತದೆ

ಒಂದು ಕಾರ್ಡನ್ನು ಹತ್ತಿರದಿಂದ ನೋಡೋಣ. ಮೇಲೆ ರೆಜಿಮೆಂಟಿನ ಹೆಸರು, ಅದರ ಕೆಳಗೆ ಸಿಪಾಯಿಯ ಹೆಸರು, ದರ್ಜೆ, ಕಂಪನಿ. ಆಮೇಲೆ ‘ಕಂಪನಿ ಮಸ್ಟರ್ ರೋಲ್’ ಎಂಬ ಸಾಲು, ಅದಕ್ಕೆ ಎರಡು ತಿಂಗಳ ಹೆಸರು, 1862ರ ನವೆಂಬರ್ ಮತ್ತು ಡಿಸೆಂಬರ್ ಎಂಬ ಹಾಗೆ. ನರೇಗಾ ಕೆಲಸದ ಮಸ್ಟರ್ ರೋಲ್ ನೋಡಿದವರಿಗೆ ಇದೇನೂ ಹೊಸದಲ್ಲ. ಯಾರು ಬಂದಿದ್ದರು, ಯಾರು ಬರಲಿಲ್ಲ, ಯಾರಿಗೆ ಎಲ್ಲಿಯವರೆಗೆ ಕೂಲಿ ಸಂದಿದೆ ಎಂಬ ಲೆಕ್ಕ. ಎಲ್ಲಿ ಸೇರಿದ, ಯಾವ ದಿನ ಸೇರಿದ, ಯಾರು ಸೇರಿಸಿಕೊಂಡರು, ಎಷ್ಟು ಕಾಲಕ್ಕೆ, ಕೊನೆಯ ಸಂಬಳ ಯಾವಾಗ, ಹಾಜರೋ ಗೈರೋ. ಕೆಳಗೆ ಷರಾ. ಜೀವ ಇರುವುದೆಲ್ಲ ಆ ಷರಾದಲ್ಲಿ: ‘ಗಾಯಗೊಂಡು ಆಸ್ಪತ್ರೆಯಲ್ಲಿ’, ‘ರಜೆಯಿಲ್ಲದೆ ಗೈರು’, ‘ಸೆರೆಸಿಕ್ಕ’, ‘ಓಡಿಹೋದ’.

ಕಾರ್ಡುಗಳ ಹಿಂದೆ ಕೆಲವೊಮ್ಮೆ ಮೂಲ ಕಾಗದಗಳೂ ಇರುತ್ತವೆ. ಬಟ್ಟೆಬರೆ ಪಡೆದದ್ದಕ್ಕೆ ಹಾಕಿದ ಸಹಿ, ಕುದುರೆ ದಳದವನಾಗಿದ್ದರೆ ಅವನದೇ ಕುದುರೆಗೆ ಕಟ್ಟಿದ ಬೆಲೆ, ಅಧಿಕಾರಿಯಾಗಿದ್ದರೆ ರಾಜೀನಾಮೆ ಪತ್ರ. ಯುದ್ಧ ಕೈದಿಯಾಗಿದ್ದರೆ ಇನ್ನೂ ಒಳ್ಳೆಯದು. ಬಿಡುಗಡೆ ಮಾಡುವಾಗ ನಿಷ್ಠೆಯ ಪ್ರಮಾಣ ಮಾಡಿಸಿ ಬರೆದುಕೊಂಡ ಕಾಗದದಲ್ಲಿ ಊರು, ಮೈಬಣ್ಣ, ಕೂದಲು, ಕಣ್ಣು, ಎತ್ತರ ಎಲ್ಲವೂ ಸಿಗುತ್ತವೆ. ಅತ್ತೆಯ ಮುತ್ತಜ್ಜನ ಒಂದು ಫೋಟೊ ಕೂಡ ಉಳಿದಿಲ್ಲ. ಆದರೆ ಅವರ ಕಣ್ಣು ನೀಲಿ, ಎತ್ತರ ಐದು ಅಡಿ ಎಂಟು ಇಂಚು ಎಂದು ಒಬ್ಬ ಸೆರೆಮನೆ ಗುಮಾಸ್ತ ಬರೆದಿಟ್ಟಿದ್ದಾನೆ. ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದರು.

ಇದರ ಬಲ ಇಷ್ಟೇ: ಘಟನೆ ನಡೆದ ದಿನವೋ ಆ ತಿಂಗಳೋ ಬರೆದದ್ದು, ಬರೆದವನಿಗೆ ಯಾರ ಗೌರವವನ್ನೂ ಕಾಯುವ ಹಂಗು ಇರಲಿಲ್ಲ. ಕೊರತೆ ಎರಡು. ತಂದೆ, ತಾಯಿ, ಹೆಂಡತಿ, ಮಕ್ಕಳ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಹೆಸರಿನ ಜಾಗದಲ್ಲಿ ಎಷ್ಟೋ ಸಲ ಬರೀ ಇನಿಷಿಯಲ್. ಇನ್ನೊಂದು, 1864ರ ಕೊನೆಯಿಂದ ಯುದ್ಧ ಮುಗಿಯುವವರೆಗಿನ ಹಾಜರಿ ಪಟ್ಟಿಗಳು ಬಹಳಷ್ಟು ಉಳಿದಿಲ್ಲ. ಕಡತ ಒಂದು ತಿಂಗಳಲ್ಲಿ ತಟ್ಟನೆ ನಿಂತುಬಿಟ್ಟರೆ ಸಿಪಾಯಿ ಸತ್ತ, ಓಡಿಹೋದ ಎಂದು ಅವಸರದಲ್ಲಿ ತೀರ್ಮಾನಿಸಬೇಡಿ. ಕಾಗದ ಕಳೆದಿದೆ, ಅಷ್ಟೇ.

ಪಿಂಚಣಿ ಅರ್ಜಿ ಏನು ಹೇಳುತ್ತದೆ

ನಮ್ಮ ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಿದವರ ಕಡತ ನೋಡಿದ್ದೀರಾ? ವಯಸ್ಸು, ಆಸ್ತಿ, ವರಮಾನ, ಗಂಡ ಸತ್ತ ದಿನ, ಮಕ್ಕಳು, ಊರಿನ ಇಬ್ಬರ ಸಾಕ್ಷಿ. ಕಾನ್ಫೆಡರೇಟ್ ಪಿಂಚಣಿಯ ಕಡತ ಅದರ ಅಣ್ಣತಮ್ಮ. ಇದು ಸೈನಿಕನ ಸನ್ಮಾನಕ್ಕೆ ಕೊಟ್ಟ ಹಣವಾಗಿರಲಿಲ್ಲ. ಬಡವ, ಅಂಗವಿಕಲ, ದುಡಿಯಲಾರದ ಮುದುಕ ಎಂದು ರುಜುವಾತು ಮಾಡಿದವರಿಗೆ ಸಿಗುತ್ತಿದ್ದ ಸಹಾಯ. ಆದ್ದರಿಂದ ಜಮೀನು, ಅಂಗಡಿ ಇದ್ದ ಅನುಕೂಲಸ್ಥರ ಅರ್ಜಿ ಹುಡುಕುತ್ತ ಕೂರಬೇಡಿ, ಅವರು ಅರ್ಜಿ ಹಾಕಿರುವ ಸಾಧ್ಯತೆ ಕಡಿಮೆ.

ಇಲ್ಲಿ ನಾನು ಎಡವಿದ ನಿಯಮವನ್ನು ಗಟ್ಟಿಯಾಗಿ ಹೇಳಬೇಕು. ಅರ್ಜಿ ಹಾಕಬೇಕಾದದ್ದು ಆಗ ವಾಸವಿದ್ದ ರಾಜ್ಯಕ್ಕೆ, ಯುದ್ಧ ಮಾಡಿದ ರಾಜ್ಯಕ್ಕಲ್ಲ. ಜಾರ್ಜಿಯಾದ ರೆಜಿಮೆಂಟಿನಲ್ಲಿ ಹೋರಾಡಿ ಟೆಕ್ಸಾಸಿಗೆ ವಲಸೆ ಹೋದವನ ಅರ್ಜಿ ಅಲ್ಲಿನ ರಾಜಧಾನಿ ಆಸ್ಟಿನ್‌ನಲ್ಲಿದೆ. ನಮ್ಮವರ ವಿಷಯದಲ್ಲೂ ಹಾಗೇ ಆಯಿತು. ನ್ಯಾಶ್‌ವಿಲ್‌ನ ರಾಜ್ಯ ಗ್ರಂಥಾಲಯ ಮತ್ತು ಪತ್ರಾಗಾರದ ಸೂಚಿಯಲ್ಲಿ ವಿಧವೆಯರ ಪಟ್ಟಿ ತೆರೆದಾಗ ಹೆಂಡತಿಯ ಹೆಸರು ಸಿಕ್ಕಿತು. ಗಂಡನ ರೆಜಿಮೆಂಟ್ ಎಂಬಲ್ಲಿ 37ನೇ ನಾರ್ತ್ ಕೆರೊಲಿನಾ ಪದಾತಿ ದಳ ಎಂದಿತ್ತು. ಅವರು ಗಡಿಯಾಚೆಯ ಆ್ಯಶ್ ಕೌಂಟಿಯಲ್ಲಿ ಹುಟ್ಟಿ, ಯುದ್ಧ ಮುಗಿದ ಮೇಲೆ ಬೆಟ್ಟ ದಾಟಿ ಟೆನ್ನೆಸ್ಸಿಗೆ ಬಂದವರು! ಹನ್ನೊಂದು ಜನರಲ್ಲಿ ಒಬ್ಬರೂ ನಮ್ಮವರಾಗಿರಲಿಲ್ಲ.

ಯಾವ ರಾಜ್ಯ ಯಾವಾಗ ಶುರು ಮಾಡಿತು ಎಂಬುದು ಹುಡುಕಾಟಕ್ಕೆ ಮುಖ್ಯ, ಏಕೆಂದರೆ ಅದಕ್ಕೆ ಮುಂಚೆ ಸತ್ತವರ ಅರ್ಜಿ ಇರಲು ಸಾಧ್ಯವಿಲ್ಲ. ಅಲಬಾಮಾ ಮತ್ತು ನಾರ್ತ್ ಕೆರೊಲಿನಾ 1867ರಲ್ಲೇ ಕೈಕಾಲು ಕಳೆದುಕೊಂಡವರಿಗೆ ಕೊಡಲು ತೊಡಗಿದವು. ನಾರ್ತ್ ಕೆರೊಲಿನಾ 1885ರಲ್ಲಿ ಉಳಿದ ಬಡ ಅಂಗವಿಕಲರಿಗೂ ವಿಧವೆಯರಿಗೂ ವಿಸ್ತರಿಸಿತು. ಜಾರ್ಜಿಯಾ 1870ರಲ್ಲಿ ಕೃತಕ ಕೈಕಾಲು ಹಾಕಿಕೊಂಡಿದ್ದವರಿಗೆ ಕೊಡಲು ತೊಡಗಿತು, 1879ರಲ್ಲಿ ಉಳಿದ ಅಂಗವಿಕಲರಿಗೂ ಕೊಟ್ಟಿತು, 1894ರ ಹೊತ್ತಿಗೆ ಮುಪ್ಪು, ಬಡತನಗಳನ್ನೂ ಸೇರಿಸಿತು. ಫ್ಲಾರಿಡಾ 1885, ಸೌತ್ ಕೆರೊಲಿನಾ 1887, ವರ್ಜೀನಿಯಾ ಮತ್ತು ಮಿಸ್ಸಿಸಿಪ್ಪಿ 1888, ಟೆನ್ನೆಸ್ಸಿ ಮತ್ತು ಅರ್ಕಾನ್ಸಾ 1891, ಲೂಸಿಯಾನಾ 1898. ಟೆಕ್ಸಾಸ್ 1881ರಲ್ಲಿ ಅಂಗವಿಕಲರಿಗೆ 1,280 ಎಕರೆ ಜಮೀನಿನ ಹಕ್ಕುಪತ್ರ ಕೊಟ್ಟು, 1899ರಲ್ಲಿ ಪಿಂಚಣಿ ಆರಂಭಿಸಿತು. ಮಿಸೌರಿ 1911, ಕೆಂಟಕಿ 1912, ಓಕ್ಲಹೋಮಾ 1915. ವಿಧವೆಯರಿಗೆ ಟೆನ್ನೆಸ್ಸಿ ಕೊಟ್ಟದ್ದು 1905ರಿಂದ, ಅರ್ಕಾನ್ಸಾ 1915ರಿಂದ. ಮಿಸೌರಿ ಕೊಡಲೇ ಇಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಇಂಥ ಪಿಂಚಣಿಯೇ ಇರಲಿಲ್ಲ. ಕ್ಯಾಲಿಫೋರ್ನಿಯಾದಂಥ ದೂರದ ರಾಜ್ಯಕ್ಕೆ ಹೋದವರದ್ದೂ ಅದೇ ಪಾಡು.

ಟೆನ್ನೆಸ್ಸಿಯ ಅರ್ಜಿ ನಮೂನೆಯಲ್ಲಿ ಪ್ರಶ್ನೆಗಳ ಸಾಲೇ ಇದೆ. ಎಲ್ಲಿ ಹುಟ್ಟಿದಿರಿ, ಯಾವ ಕದನಗಳಲ್ಲಿದ್ದಿರಿ, ಎಲ್ಲಿ ಗಾಯವಾಯಿತು, ಸೈನ್ಯ ಬಿಟ್ಟದ್ದು ಹೇಗೆ, ಜೀವನೋಪಾಯ ಏನು, ಕುಡಿಯುವ ಅಭ್ಯಾಸವಿದೆಯೇ ಎಂಬುದರವರೆಗೆ. ನಮ್ಮ ಮುತ್ತಜ್ಜಿ 1906ರಲ್ಲಿ ಅರ್ಜಿ ಹಾಕಿದಾಗ ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮದುವೆಯಾದ ದಿನ, ಮಾಡಿಸಿದ ಪಾದ್ರಿ, ತವರಿನ ಹೆಸರು, ಏಳು ಮಕ್ಕಳ ಹೆಸರು ಮತ್ತು ವಯಸ್ಸು, ಎಲ್ಲ ಅಲ್ಲಿದೆ. ಆಸ್ತಿ ಏನು ಎಂಬ ಪ್ರಶ್ನೆಗೆ ಉತ್ತರ: ‘ಒಂದು ಹಸು, ಒಂದು ಹಾಸಿಗೆ, ಅಡುಗೆಯ ಪಾತ್ರೆ.’ ಸಹಿಯ ಜಾಗದಲ್ಲಿ ಒಂದು ಗುರುತು. ಹೆಬ್ಬೆಟ್ಟು ಒತ್ತಿದ ನನ್ನ ಅಜ್ಜಿಯ ಪಡಿತರ ಚೀಟಿ ಕಣ್ಣಿಗೆ ಬಂತು. ಆ ಮನೆಗೂ ನನಗೂ ಅದುವರೆಗೆ ಇರದಿದ್ದ ಒಂದು ನಂಟು ಆ ಗುರುತಿನಿಂದ ಬೆಳೆಯಿತು.

ಎರಡೂ ಒಂದನ್ನೊಂದು ಅಲ್ಲಗಳೆದಾಗ

ಪಿಂಚಣಿ ಅರ್ಜಿಯಲ್ಲಿ ಹೆಚ್ಚಿನವು ನಲವತ್ತು ವರ್ಷದ ಹಿಂದಿನ ನೆನಪುಗಳು. ಬರೆದವರಿಗೆ ಹಣದ ಅಗತ್ಯವಿತ್ತು. ಓಡಿಹೋದವರಿಗೆ ಪಿಂಚಣಿ ಇಲ್ಲ ಎಂಬ ನಿಯಮವೂ ಇತ್ತು. ಆದ್ದರಿಂದ ಯುದ್ಧದ ಕೊನೆಯ ತಿಂಗಳುಗಳ ಬಗ್ಗೆ ಅರ್ಜಿದಾರ ಹೇಳುವ ಮಾತನ್ನು ಸೇವಾ ಕಡತದ ಪಕ್ಕದಲ್ಲಿಟ್ಟೇ ಓದಬೇಕು. ‘ಶರಣಾಗತಿಯ ಹೊತ್ತಿಗೆ ಕಾಯಿಲೆಯ ರಜೆಯಲ್ಲಿ ಮನೆಯಲ್ಲಿದ್ದೆ’ ಎಂಬ ವಾಕ್ಯ ಎಷ್ಟೋ ಅರ್ಜಿಗಳಲ್ಲಿ ಬರುತ್ತದೆ. ಕೆಲವರ ವಿಷಯದಲ್ಲಿ ಅದು ಅಪ್ಪಟ ನಿಜ. ಕೆಲವರ ಕಾರ್ಡಿನಲ್ಲಿ ‘ಓಡಿಹೋದ’ ಎಂದಿದೆ. ಅದನ್ನು ಕಂಡು ಮನೆಯವರು ತಲೆತಗ್ಗಿಸುವ ಅಗತ್ಯ ನನಗೆ ಕಾಣುವುದಿಲ್ಲ. 1862ರ ಏಪ್ರಿಲ್‌ನ ಕಡ್ಡಾಯ ಸೇನಾ ಸೇರ್ಪಡೆಯ ಕಾನೂನು 18ರಿಂದ 35 ವರ್ಷದ ಬಿಳಿಯ ಗಂಡಸರನ್ನು ಎಳೆದುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಪ್ಪತ್ತು ಜನ ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯಿತಿ ಸಿಕ್ಕಿತು. ಗುಡ್ಡದ ಮೇಲೆ ಜೋಳ ಬೆಳೆಯುತ್ತಿದ್ದ ಬಡ ರೈತನಿಗೆ ವಿನಾಯಿತಿ ಇರಲಿಲ್ಲ. ಹೆಂಡತಿ ಮಕ್ಕಳು ಉಪವಾಸವಿದ್ದಾರೆ ಎಂಬ ಕಾಗದ ಬಂದಾಗ ಅವನು ಮನೆಗೆ ನಡೆದುಬಿಟ್ಟ.

ನಮ್ಮ ಕಡತದಲ್ಲೂ ಎರಡು ಮಾತಿತ್ತು. ಮುತ್ತಜ್ಜಿಯ ಪರ ಸಾಕ್ಷಿ ಹೇಳಿದ ಹಳೆಯ ಸಂಗಾತಿ, ‘ಇವರ ಗಂಡ ನಮ್ಮ ಜೊತೆ ಅಪೊಮ್ಯಾಟಕ್ಸ್‌ನಲ್ಲಿ ಶರಣಾದರು’ ಎಂದು ಪ್ರಮಾಣ ಮಾಡಿದ್ದ. ಮನೆಯ ಕಥೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಸೇವಾ ಕಡತದ ಕಾರ್ಡು ಬೇರೆ ಹೇಳುತ್ತದೆ: 1864ರ ಮೇ 12ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಸೆರೆಸಿಕ್ಕರು, ಮೇರಿಲ್ಯಾಂಡಿನ ಪಾಯಿಂಟ್ ಲುಕ್‌ಔಟ್‌ಗೆ ಒಯ್ದರು, ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಎಲ್ಮೈರಾ ಸೆರೆಶಿಬಿರಕ್ಕೆ ಸಾಗಿಸಿದರು, 1865ರ ಜೂನ್‌ನಲ್ಲಿ ಬಿಟ್ಟರು. ಲೀ ಶರಣಾದ ಏಪ್ರಿಲ್ 9ರಂದು ಅವರು ನೂರಾರು ಮೈಲಿ ದೂರದ ಸೆರೆಯಲ್ಲಿದ್ದರು. ಪಿಂಚಣಿ ಮಂಡಳಿಗೂ ಇದು ಗೊತ್ತಿತ್ತು. ಅದೇ ಕಡತದ ಕೊನೆಯಲ್ಲಿ ವಾಷಿಂಗ್ಟನ್ನಿನ ಯುದ್ಧ ಇಲಾಖೆಯಿಂದ ತರಿಸಿಕೊಂಡ ಉತ್ತರವನ್ನು ಮಡಚಿ ಇಟ್ಟಿದ್ದರು. ರಾಜ್ಯಗಳು ಹೀಗೆ ಬರೆದು ಕೇಳುತ್ತಿದ್ದುದು ಉಂಟು, ಹಾಗಾಗಿ ಪಿಂಚಣಿ ಕಡತವನ್ನು ಕೊನೆಯ ಹಾಳೆಯವರೆಗೆ ತೆರೆಯಿರಿ. ಮೊದಲ ಪುಟದ ನಕಲು ತರಿಸಿಕೊಂಡು ಸುಮ್ಮನಾದವರಿಗೆ ಇಂಥದ್ದು ಸಿಗುವುದಿಲ್ಲ. ತಿರಸ್ಕೃತ ಅರ್ಜಿಗಳನ್ನೂ ಬಿಡಬೇಡಿ. ಒಮ್ಮೆ ಇಲ್ಲ ಎನಿಸಿಕೊಂಡವರು ಮತ್ತೆ ಮತ್ತೆ ಸಾಕ್ಷಿ ಒದಗಿಸಿದ್ದರಿಂದ ಅವು ಬಹಳ ಸಲ ಮಂಜೂರಾದವುಗಳಿಗಿಂತ ದಪ್ಪಗಿರುತ್ತವೆ.

ನಿಮ್ಮ ಪರಿಸ್ಥಿತಿಗೆ ಯಾವುದು

ಹೆಸರು ಸಾಮಾನ್ಯವಾದದ್ದು, ರೆಜಿಮೆಂಟ್ ಗೊತ್ತಿಲ್ಲ, ಆದರೆ ಹೆಂಡತಿಯ ಹೆಸರೋ ಊರೋ ಗೊತ್ತು: ಪಿಂಚಣಿ. ಇಲ್ಲಿ ಎರಡನೆಯ ಯೋಚನೆ ಬೇಡ. ರೆಜಿಮೆಂಟ್ ಮತ್ತು ಕಂಪನಿ ಸಿಕ್ಕ ಮೇಲೆ ಸೇವಾ ಕಡತ ಹತ್ತು ನಿಮಿಷದ ಕೆಲಸ.

ಗೋರಿಕಲ್ಲಿನ ಮೇಲೆ ರೆಜಿಮೆಂಟ್ ಕೆತ್ತಿದೆ, ಅಥವಾ ಹೆಸರು ಅಪರೂಪದ್ದು: ನೇರ ಸೇವಾ ಕಡತ. ರಾಷ್ಟ್ರೀಯ ಉದ್ಯಾನ ಸೇವೆಯವರ ಸೈನಿಕರು ಮತ್ತು ನಾವಿಕರ ದತ್ತಸಂಚಯ ಉಚಿತ, ಎರಡೂ ಸೈನ್ಯ ಸೇರಿ ಸುಮಾರು 63 ಲಕ್ಷ ಹೆಸರುಗಳಿವೆ. ಒಬ್ಬನೇ ಸಿಪಾಯಿ ಎರಡು ಮೂರು ಕಾಗುಣಿತದಲ್ಲಿ ದಾಖಲಾಗಿರುವುದರಿಂದ ಅಷ್ಟು ದೊಡ್ಡ ಸಂಖ್ಯೆ. ಅದು ಸೂಚಿ ಮಾತ್ರ; ಹೆಸರು, ದರ್ಜೆ, ರೆಜಿಮೆಂಟ್ ಕೊಡುತ್ತದೆ. ಕಾರ್ಡುಗಳ ಚಿತ್ರ ಬೇಕಾದರೆ ಫೋಲ್ಡ್‌3. ಆ ಜಾಲತಾಣಕ್ಕೆ ಚಂದಾ ಇದೆ, ಆದರೆ ರಾಷ್ಟ್ರೀಯ ಪತ್ರಾಗಾರದ ಓದುಕೋಣೆಗಳಲ್ಲಿ ದುಡ್ಡಿಲ್ಲದೆ ನೋಡಬಹುದು, ಎಷ್ಟೋ ಊರಿನ ಸಾರ್ವಜನಿಕ ಗ್ರಂಥಾಲಯಗಳೂ ಸೌಲಭ್ಯ ಇಟ್ಟಿವೆ. ಚಂದಾ ಕಟ್ಟುವ ಮುಂಚೆ ನಿಮ್ಮ ಗ್ರಂಥಾಲಯದಲ್ಲಿ ಕೇಳಿ. ಫ್ಯಾಮಿಲಿಸರ್ಚ್ ಎಂಬ ತಾಣ ಪೂರ್ತಿ ಉಚಿತ, ಹಲವು ರಾಜ್ಯಗಳ ಪಿಂಚಣಿ ಅರ್ಜಿಗಳೂ ಅಲ್ಲಿವೆ. ಫ್ಲಾರಿಡಾದವರು ತಮ್ಮ ಪಿಂಚಣಿ ಕಡತಗಳನ್ನು ಫ್ಲಾರಿಡಾ ಮೆಮೊರಿ ಎಂಬ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ನೋಡಲು ಸೊಗಸು. ಟೆಕ್ಸಾಸಿನ ಸೂಚಿಯಲ್ಲಿ 54 ಸಾವಿರಕ್ಕೂ ಹೆಚ್ಚು ಅರ್ಜಿಗಳಿವೆ.

ನಿಮ್ಮವರು ರೆಜಿಮೆಂಟಿನ ಅಧಿಕಾರಿಯಾಗಿರದೆ ಜನರಲ್‌ಗಳ ಸಿಬ್ಬಂದಿಯಲ್ಲೋ ವೈದ್ಯನಾಗಿಯೋ ಇದ್ದಿದ್ದರೆ ರಾಜ್ಯದ ರೆಜಿಮೆಂಟುಗಳಲ್ಲಿ ಸಿಗುವುದಿಲ್ಲ, ಅವರಿಗೆ ಬೇರೆಯೇ ಸರಣಿ ಇದೆ. ಊರಕಾವಲು ದಳ, ರಾಜ್ಯದ ಮಿಲಿಷಿಯಾದಲ್ಲಿದ್ದ ಹುಡುಗರು, ಮುದುಕರ ದಾಖಲೆ ವಾಷಿಂಗ್ಟನ್ನಿನಲ್ಲಿ ಬಹಳ ಕಡಿಮೆ. ರಾಜ್ಯದ ಪತ್ರಾಗಾರಕ್ಕೇ ಹೋಗಬೇಕು.

ಎರಡರಲ್ಲೂ ಸಿಗದಿದ್ದರೆ ಜನಗಣತಿ ನೋಡಿ. 1910ರ ಜನಗಣತಿಯ 30ನೇ ಕಾಲಮ್ಮಿನಲ್ಲಿ ಮುದುಕರ ಹೆಸರಿನ ಮುಂದೆ ‘ಸಿಎ’ ಎಂದಿದ್ದರೆ ಕಾನ್ಫೆಡರೇಟ್ ಸೈನ್ಯ, ‘ಯುಎ’ ಎಂದಿದ್ದರೆ ಯೂನಿಯನ್ ಸೈನ್ಯ. ಅಲಬಾಮಾ 1907ರಲ್ಲೂ ಅರ್ಕಾನ್ಸಾ 1911ರಲ್ಲೂ ಮಾಜಿ ಸೈನಿಕರನ್ನೇ ಪ್ರತ್ಯೇಕವಾಗಿ ಎಣಿಸಿವೆ. ಟೆನ್ನೆಸ್ಸಿಯಲ್ಲಿ ಇನ್ನೂ ಅಮೂಲ್ಯವಾದದ್ದೊಂದಿದೆ: 1914ರಿಂದ 1922ರ ನಡುವೆ ರಾಜ್ಯದ ಪತ್ರಾಗಾರ ಬದುಕಿದ್ದ ಸೈನಿಕರಿಗೆ ಪ್ರಶ್ನಾವಳಿ ಕಳಿಸಿತು, ಸುಮಾರು 1,650 ಜನ ಉತ್ತರಿಸಿದರು. ಅಪ್ಪನಿಗೆ ಎಷ್ಟು ಜಮೀನಿತ್ತು, ಗುಲಾಮರನ್ನು ಇಟ್ಟುಕೊಂಡಿದ್ದರೇ, ಶಾಲೆ ಎಷ್ಟು ದೂರ, ಶ್ರೀಮಂತರು ಬಡವರನ್ನು ಸರಿಸಮ ಕಾಣುತ್ತಿದ್ದರೇ ಎಂದೆಲ್ಲ ಕೇಳಿದ್ದರು. ನಿಮ್ಮವರ ಉತ್ತರ ಇಲ್ಲದಿದ್ದರೂ ಅದೇ ಕೌಂಟಿಯ ಇನ್ನೊಬ್ಬರದ್ದು ಓದಿ.

ಯೂನಿಯನ್ ಕಡೆಯ ಪಿಂಚಣಿಯನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು. ಸೆರೆಸಿಕ್ಕ ಕಾನ್ಫೆಡರೇಟರಲ್ಲಿ ಸಾವಿರಾರು ಜನ ಪ್ರಮಾಣ ಮಾಡಿ, ಯೂನಿಯನ್ ಸಮವಸ್ತ್ರ ತೊಟ್ಟು ಪಶ್ಚಿಮದ ಗಡಿಗೆ ಹೋದರು. ಕಾನ್ಫೆಡರೇಟ್ ಸೈನ್ಯ ಬಿಟ್ಟು ಯೂನಿಯನ್ ಸೇರಿದ ನಾರ್ತ್ ಕೆರೊಲಿನಾದ ಒಬ್ಬ ಸಿಪಾಯಿಯ ಮಗಳು 2020ರಲ್ಲಿ ತೀರಿಕೊಳ್ಳುವವರೆಗೂ ತಿಂಗಳಿಗೆ 73 ಡಾಲರ್ 13 ಸೆಂಟ್ ಕೇಂದ್ರದ ಪಿಂಚಣಿ ಪಡೆಯುತ್ತಿದ್ದರು.

‘ಸೇವಕ’ ಎಂದು ಬರೆದ ಅರ್ಜಿಗಳು

ಪಿಂಚಣಿ ಸೂಚಿಗಳಲ್ಲಿ ಕಪ್ಪು ಜನರ ಹೆಸರುಗಳೂ ಬರುತ್ತವೆ. ಮಿಸ್ಸಿಸಿಪ್ಪಿಯ ಕಾನೂನು 1888ರಿಂದಲೇ ಸೇವಕರನ್ನು ಸೇರಿಸಿಕೊಂಡಿತ್ತು. ಟೆನ್ನೆಸ್ಸಿ 1921ರಲ್ಲಿ, ಸೌತ್ ಕೆರೊಲಿನಾ 1923ರಲ್ಲಿ, ವರ್ಜೀನಿಯಾ 1924ರಲ್ಲಿ ಅವಕಾಶ ಕೊಟ್ಟವು. ಇವನ್ನು ತೋರಿಸಿ ‘ಕಪ್ಪು ಜನರೂ ದಕ್ಷಿಣದ ಪರ ಸೈನಿಕರಾಗಿ ಹೋರಾಡಿದರು’ ಎಂದು ವಾದಿಸುವವರಿದ್ದಾರೆ. ಅರ್ಜಿಯನ್ನು ಓದಿದರೆ ಸಾಕು. ಯಾವ ರೆಜಿಮೆಂಟ್ ಎಂದು ಕೇಳುವ ಜೊತೆಗೇ ಯಾರ ಸೇವಕನಾಗಿದ್ದೆ ಎಂದು ಕೇಳಿದ್ದಾರೆ. ಇವರು ಒಡೆಯನ ಜೊತೆ ಶಿಬಿರಕ್ಕೆ ಹೋಗಬೇಕಾಗಿ ಬಂದ ಗುಲಾಮರು. ಅಡುಗೆ ಮಾಡಿದರು, ಕುದುರೆ ನೋಡಿಕೊಂಡರು, ಕಂದಕ ತೋಡಿದರು. ಕಪ್ಪು ಜನರನ್ನು ಸಿಪಾಯಿಗಳಾಗಿ ಸೇರಿಸಿಕೊಳ್ಳಲು ಕಾನ್ಫೆಡರೇಟ್ ಕಾಂಗ್ರೆಸ್ ಕಾನೂನು ಮಾಡಿದ್ದೇ 1865ರ ಮಾರ್ಚ್‌ನಲ್ಲಿ, ಯುದ್ಧ ಮುಗಿಯಲು ವಾರಗಳಿದ್ದಾಗ.

ನಿಮ್ಮ ಬೀಗರು ಆಫ್ರಿಕನ್ ಅಮೆರಿಕನ್ನರಾಗಿದ್ದರೆ ಈ ಅರ್ಜಿಗಳಿಗಿಂತ ಬೆಲೆಬಾಳುವ ಕಾಗದ ಕಡಿಮೆ. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಒಡೆಯನ ಹೆಸರಿದೆ, ಗುಲಾಮರದ್ದು ಬರೀ ವಯಸ್ಸು, ಲಿಂಗ, ಬಣ್ಣ. ಇಲ್ಲಿ ಒಬ್ಬ ಮನುಷ್ಯ ತನ್ನ ಹೆಸರು, ಹುಟ್ಟಿದ ಊರು, ಒಡೆಯನ ಹೆಸರನ್ನು ತಾನೇ ಹೇಳುತ್ತಾನೆ. ಬಿಳಿಯರ ಮನೆಯ ಪೂರ್ವಜರನ್ನು ಹುಡುಕುವವರು ಕೂಡ ಆ ಗುಲಾಮರ ಗಣತಿಯನ್ನು ತೆರೆದು ನೋಡಲೇಬೇಕು ಎಂಬುದು ನನ್ನ ಗಟ್ಟಿ ಮಾತು. ಆ ಯುದ್ಧ ನಡೆದದ್ದು ಯಾವುದಕ್ಕಾಗಿ ಎಂಬುದನ್ನು ಬಿಟ್ಟು ಮುತ್ತಜ್ಜನ ಶೌರ್ಯವನ್ನಷ್ಟೇ ಮಗುವಿಗೆ ಹೇಳಿಕೊಟ್ಟರೆ ಅರ್ಧ ಸತ್ಯ ಹೇಳಿದಂತೆ.

ಅರ್ಜಿ ಹಾಕಲು ಯಾರೂ ಇಲ್ಲದವರು

ಇಷ್ಟೆಲ್ಲ ಪಿಂಚಣಿಯ ಪರ ಹೇಳಿದ ಮೇಲೆ ಸೇವಾ ಕಡತದ ಒಂದು ಗುಣವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಪಿಂಚಣಿ ಬದುಕಿ ಬಂದವರದ್ದು, ಅಥವಾ ಹೆಂಡತಿಯನ್ನು ಬಿಟ್ಟುಹೋದವರದ್ದು. ಮದುವೆಯಾಗದೆ ಸತ್ತ ಹುಡುಗರ ಬಗ್ಗೆ ಸಾಮಾನ್ಯವಾಗಿ ಮಾತಾಡುವುದು ಸೇವಾ ಕಡತ ಮಾತ್ರ. ನಿಮ್ಮವರ ಕಡತ ಸಿಕ್ಕ ದಿನ ಅದೇ ಕಂಪನಿಯಲ್ಲಿ ಅದೇ ಮನೆತನದ ಹೆಸರಿನವರು ಇನ್ನಾರಿದ್ದಾರೆ ಎಂದು ನೋಡಿ. ಒಂದೇ ಊರಿನವರು, ಅಣ್ಣತಮ್ಮಂದಿರು ಒಟ್ಟಿಗೇ ಸೇರುತ್ತಿದ್ದರು.

ಹಾಗೆ ನೋಡಿದಾಗ ಅದೇ ದಿನ ಸೇರಿದ, ಅದೇ ಮೇ 12ರಂದು ಸೆರೆಸಿಕ್ಕ ಇನ್ನೊಬ್ಬ ಕಂಡ. 1860ರ ಜನಗಣತಿ ತೆರೆದರೆ ಆ್ಯಶ್ ಕೌಂಟಿಯ ಅದೇ ಮನೆಯಲ್ಲಿ, ಅಣ್ಣನ ಕೆಳಗಿನ ಸಾಲಿನಲ್ಲಿ, ಹದಿನೈದು ವರ್ಷದ ತಮ್ಮ. ಅವನ ಕೊನೆಯ ಕಾರ್ಡು: ಎಲ್ಮೈರಾ, 1865ರ ಫೆಬ್ರುವರಿ, ನ್ಯುಮೋನಿಯಾ, ಗೋರಿಯ ಸಂಖ್ಯೆ. ಆ ಶಿಬಿರದಲ್ಲಿದ್ದ ಸುಮಾರು 12,000 ಕೈದಿಗಳಲ್ಲಿ 3,000ದಷ್ಟು ಜನ ಒಂದೇ ವರ್ಷದಲ್ಲಿ ಸತ್ತರು. ಅವರನ್ನು ಮಣ್ಣು ಮಾಡಿದವರು ಜಾನ್ ಡಬ್ಲ್ಯು. ಜೋನ್ಸ್, 1844ರಲ್ಲಿ ವರ್ಜೀನಿಯಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ತಮ್ಮನ್ನು ಸಂಕೋಲೆಯಲ್ಲಿಡಲು ಹೋರಾಡಿದ ಸೈನ್ಯದ ಒಬ್ಬೊಬ್ಬ ಹುಡುಗನ ಹೆಸರು, ಕಂಪನಿ, ರೆಜಿಮೆಂಟ್, ಸತ್ತ ದಿನವನ್ನೂ ಅವರು ಎಷ್ಟು ಜೋಪಾನವಾಗಿ ಬರೆದಿಟ್ಟರೆಂದರೆ, ಅಷ್ಟು ಗೋರಿಗಳಲ್ಲಿ ಗುರುತು ಸಿಗದವು ಏಳೇ.

ಮನೆಯಲ್ಲಿ ಆ ತಮ್ಮನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಈಗ ಎಪ್ಪತ್ತೊಂಬತ್ತು. ಬರುವ ಮೇ ತಿಂಗಳಲ್ಲಿ ಎಲ್ಮೈರಾದ ವುಡ್‌ಲಾನ್ ಸ್ಮಶಾನಕ್ಕೆ ಹೋಗೋಣ ಎಂದು ಅವರೇ ಹೇಳಿದ್ದಾರೆ. ಮಗಳು ವಂಶವೃಕ್ಷದಲ್ಲಿ ಹೊಸ ಕೊಂಬೆಯೊಂದನ್ನು ಬರೆದು, ಅದರ ಪಕ್ಕದಲ್ಲಿ ಗೋರಿಯ ಸಂಖ್ಯೆ ಹಾಕಿದ್ದಾಳೆ.